ಸಿಮ್ಯುಲೇಶನ್‌ನಲ್ಲಿ 2 ಒಮೆಗಾ ಹತ್ತಿರ ಒಂದು ಪೀಕ್: ನಿಜವಾದ ಚದುರಿಕೆಯೋ, ಲೆಕ್ಕದ ತಪ್ಪೋ?

ಬಳ್ಳಾರಿ_ಬಿಸಿಲು:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ ಕ್ವಾಂಟಂ ಆಪ್ಟೋಮೆಕ್ಯಾನಿಕ್ಸ್. ಹದಿನೈದು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಹೊಸದು ಅನ್ನುವವರಿಗೆ ಎರಡು ಮಾತು. ಎದುರುಬದುರು ಎರಡು ಕನ್ನಡಿ ಇಟ್ಟು ನಡುವೆ ಲೇಸರ್ ಬಿಡುತ್ತಾರೆ. ಬೆಳಕು ಅತ್ತಿಂದಿತ್ತ ಸಾವಿರಾರು ಸಲ ಓಡಾಡುತ್ತದೆ. ಇದೇ ಕ್ಯಾವಿಟಿ. ಒಂದು ಕನ್ನಡಿ ಗಟ್ಟಿಯಾಗಿ ನಿಂತಿದೆ, ಇನ್ನೊಂದು ಸ್ಪ್ರಿಂಗಿಗೆ ಕಟ್ಟಿದಂತೆ ಅಲುಗುತ್ತದೆ. ಬೆಳಕು ಕನ್ನಡಿಯನ್ನು ತಳ್ಳುತ್ತದೆ. ಕನ್ನಡಿ ಅಲುಗಿದಾಗ ಕ್ಯಾವಿಟಿಯ ಶ್ರುತಿ ಬದಲಾಗುತ್ತದೆ. ಹಾಗಾಗಿ ಹೊರಗೆ ಬರುವ ಬೆಳಕಿನಲ್ಲಿ ಲೇಸರ್ ಫ್ರೀಕ್ವೆನ್ಸಿಯ ಆಚೆ ಒಂದು, ಈಚೆ ಒಂದು ಪೀಕ್ ಕಾಣುತ್ತವೆ. ಕೆಳಗಿನದು ಸ್ಟೋಕ್ಸ್, ಮೇಲಿನದು ಆಂಟಿಸ್ಟೋಕ್ಸ್. ಲೇಸರಿನಿಂದ ಅವು ಇರುವ ದೂರ ಸರಿಯಾಗಿ ಒಮೆಗಾ ಎಂ, ಅಂದರೆ ಕನ್ನಡಿ ಅಲುಗುವ ಫ್ರೀಕ್ವೆನ್ಸಿ.

ಪುಸ್ತಕದಲ್ಲಿರುವ ಲೀನಿಯರ್ ಲೆಕ್ಕದಲ್ಲಿ, ಅಂದರೆ ಚಿಕ್ಕ ಟರ್ಮ್‌ಗಳನ್ನು ಬಿಟ್ಟು ಸರಳ ಮಾಡಿದ ಲೆಕ್ಕದಲ್ಲಿ, ಈ ಎರಡೇ ಪೀಕ್. ನಾನು ಲೀನಿಯರ್ ಮಾಡದೆ ಪೂರ್ತಿ ಹ್ಯಾಮಿಲ್ಟೋನಿಯನ್ (ವ್ಯವಸ್ಥೆಯ ಶಕ್ತಿಯ ಸೂತ್ರ) ಕ್ಯೂಟಿಪ್ ಅನ್ನುವ ಕ್ವಾಂಟಂ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಒಮೆಗಾ ಎಂ 1, ಕಪ್ಪಾ (ಕ್ಯಾವಿಟಿಯಿಂದ ಬೆಳಕು ಸೋರುವ ದರ) 0.2, ಜಿ ನಾಟ್ (ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಕನ್ನಡಿ ಜೊತೆ ಬೆಸೆದುಕೊಳ್ಳುವ ಬಲ) 0.1, ಸರಾಸರಿ ಫೋನಾನ್ (ಕನ್ನಡಿಯ ಅಲುಗಾಟದ ಒಂದೊಂದು ಕ್ವಾಂಟಂ ತುಣುಕು) 2. ಲೇಸರ್ ತುಂಬಾ ಕಡಿಮೆ, ಸರಿಯಾಗಿ ರೆಸೊನೆನ್ಸ್ ಮೇಲೆ, ಅಂದರೆ ಕ್ಯಾವಿಟಿಯ ಸ್ವಂತ ಶ್ರುತಿಯ ಮೇಲೆ. ಫೋಟಾನ್‌ಗೆ 4 ಲೆವೆಲ್, ಫೋನಾನ್‌ಗೆ 10 ಲೆವೆಲ್, ಅಂದರೆ ಅದಕ್ಕಿಂತ ಮೇಲಿನ ಸಂಖ್ಯೆಗಳನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಆಗ 2 ಒಮೆಗಾ ಎಂ ಹತ್ತಿರವೂ ಎರಡೂ ಕಡೆ ಒಂದೊಂದು ಸಣ್ಣ ಪೀಕ್ ಬರುತ್ತಿವೆ. ಎತ್ತರ ಮೊದಲನೆಯದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಲಾಗ್ ಸ್ಕೇಲ್‌ನಲ್ಲಿ ಹಾಕಿದರೆ ಮಾತ್ರ ಕಾಣುತ್ತದೆ.

ಗೈಡ್‌ಗೆ ತೋರಿಸಿದೆ. ನ್ಯೂಮರಿಕಲ್ ಎರರ್ ಇರಬೇಕು, ಗ್ರಾಫನ್ನು ಒಂದೂವರೆ ಒಮೆಗಾಕ್ಕೆ ಕತ್ತರಿಸಿ ಹಾಕು ಅಂದರು. ಕತ್ತರಿಸೋಕೆ ನನಗೆ ಮನಸ್ಸು ಬರುತ್ತಿಲ್ಲ. ಹಗಲಲ್ಲಿ ನಮ್ಮ ಊರಿನ ಬಿಸಿಲಿಗೆ ಲ್ಯಾಪ್‌ಟಾಪ್ ಕಾದ ಹೆಂಚಾಗುತ್ತದೆ, ಅದಕ್ಕೆ ರಾತ್ರಿ ಹನ್ನೊಂದರ ಮೇಲೆ ಕೆಳಗೆ ಒಂದು ಕಡಪ ಕಲ್ಲಿನ ತುಂಡು ಇಟ್ಟುಕೊಂಡು ರನ್ ಮಾಡುತ್ತೇನೆ, ಪ್ರತಿ ರಾತ್ರಿಯೂ ಅದೇ ಜಾಗದಲ್ಲಿ ಅದೇ ಪೀಕ್ ಬರುತ್ತದೆ. ತಪ್ಪು ಇಷ್ಟು ಶಿಸ್ತಾಗಿ ಬರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.


ರಾಯಚೂರು_ಮೇಷ್ಟ್ರು:

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವನು, ಕ್ಯೂಟಿಪ್ ಮುಟ್ಟಿಲ್ಲ. ಆದರೆ 2 ಒಮೆಗಾ ಅಂದ ಕೂಡಲೇ ಪಂಚಮಿ ಜೋಕಾಲಿ ಕಣ್ಣಿಗೆ ಬಂತು.

ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಮಗಳನ್ನು ಕೂರಿಸಿ ತೂಗುತ್ತೀರಿ. ಹಿಂದೆ ಹೋಗಿ ಮುಂದೆ ಬಂದು ಮತ್ತೆ ಹಿಂದೆ ಹೋದರೆ ಒಂದು ಸುತ್ತು. ಈಗ ಅವಳು ಮುಂದಿದ್ದಾಳೋ ಹಿಂದಿದ್ದಾಳೋ ಅನ್ನುವುದನ್ನು ಬಿಡಿ. ನೆಲದಿಂದ ಎಷ್ಟು ಎತ್ತರದಲ್ಲಿದ್ದಾಳೆ ಅನ್ನುವುದನ್ನು ಮಾತ್ರ ಬರೆದುಕೊಳ್ಳಿ. ಮುಂದೆ ಹೋದಾಗಲೂ ಎತ್ತರ, ಹಿಂದೆ ಹೋದಾಗಲೂ ಎತ್ತರ. ಒಂದು ಸುತ್ತಿನಲ್ಲಿ ಎರಡು ಸಲ ಮೇಲೆ. ಹಗ್ಗವೂ ಹಾಗೇ: ನಡುವೆ ಕೆಳಗೆ ಬಂದಾಗಲೆಲ್ಲ ಬಿಗಿಯಾಗಿ ಕೊಂಬೆ ಕಿರ್ ಅನ್ನುತ್ತದೆ, ಒಂದು ಸುತ್ತಿಗೆ ಎರಡು ಕಿರ್. ಕಣ್ಣು ಮುಚ್ಚಿಕೊಂಡು ಆ ಸದ್ದು ಮಾತ್ರ ಕೇಳಿದರೆ ಜೋಕಾಲಿ ನಿಜಕ್ಕಿಂತ ಎರಡು ಪಟ್ಟು ಬೇಗ ಆಡುತ್ತಿದೆ ಅನ್ನಿಸುತ್ತದೆ.

ಕ್ಯಾವಿಟಿಯಲ್ಲೂ ಇದೇ ಆಗುತ್ತಿರಬೇಕು. ರೆಸೊನೆನ್ಸ್ ಗ್ರಾಫ್ ಅಂದರೆ ಒಂದು ಗುಡ್ಡ. ಲೇಸರ್ ಗುಡ್ಡದ ಇಳಿಜಾರಿನಲ್ಲಿ ನಿಂತಿದ್ದರೆ ಕನ್ನಡಿ ಒಂದು ಕಡೆ ಸರಿದಾಗ ಬೆಳಕು ಜಾಸ್ತಿ, ಇನ್ನೊಂದು ಕಡೆ ಸರಿದಾಗ ಕಡಿಮೆ. ಅದು ಲೀನಿಯರ್. ನೀವು ಲೇಸರನ್ನು ಗುಡ್ಡದ ನೆತ್ತಿಯ ಮೇಲೇ ನಿಲ್ಲಿಸಿದ್ದೀರಿ. ಎಡಕ್ಕೆ ಸರಿದರೂ ಇಳಿಯುತ್ತದೆ, ಬಲಕ್ಕೆ ಸರಿದರೂ ಇಳಿಯುತ್ತದೆ. ಬೆಳಕು ನೋಡುವುದು ಕನ್ನಡಿಯ ಜಾಗದ ವರ್ಗವನ್ನು. ವರ್ಗ ಅಂದಮೇಲೆ 2 ಒಮೆಗಾ ಬರಲೇಬೇಕು ಅಲ್ವಾ? ನನ್ನ ಮಟ್ಟಿಗೆ ಅದು ತಪ್ಪಲ್ಲ. ಕತ್ತರಿಸಬೇಡಿ.


ಸಿಂಧನೂರು_ಲೈನ್:

ಮೇಷ್ಟ್ರು ಹೇಳಿದ್ದು ಓದಿ ನಮ್ಮ ಗದ್ದೆ ಬದುವಿನ ಟಿಸಿ ನೆನಪಾಯಿತು. ನಾನು ಎಲೆಕ್ಟ್ರಿಕಲ್ ಓದಿದವನು. ನಮ್ಮ ಕರೆಂಟು 50 ಹರ್ಟ್ಸ್, ಆದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು 100 ಹರ್ಟ್ಸ್‌ನಲ್ಲಿ. ಕಾಂತಕ್ಷೇತ್ರ ಯಾವ ದಿಕ್ಕಿಗೆ ಇದ್ದರೂ ಒಳಗಿನ ಕಬ್ಬಿಣದ ತಗಡಿನ ಉದ್ದ ಒಂದೇ ರೀತಿ ಬದಲಾಗುತ್ತದೆ. ದಿಕ್ಕಿನ ಚಿಂತೆ ಅದಕ್ಕಿಲ್ಲ. ಮೊಬೈಲಿನಲ್ಲಿ ಸ್ಪೆಕ್ಟ್ರಂ ಆ್ಯಪ್ ಹಾಕಿಕೊಂಡು ಟಿಸಿ ಹತ್ತಿರ ನಿಂತು ನೋಡಿ, 100ರ ಹತ್ತಿರ ಕಂಬದಂತೆ ಒಂದು ಗೆರೆ ಎದ್ದು ನಿಲ್ಲುತ್ತದೆ, ಆಮೇಲೆ 200, 300.

ಆದರೆ ನನಗೆ ಎರಡು ಅನುಮಾನ. ಮೊದಲನೆಯದು, ಜೋಕಾಲಿಯಲ್ಲೂ ಟಿಸಿಯಲ್ಲೂ ಕ್ವಾಂಟಂ ಏನೂ ಇಲ್ಲ. ವರ್ಗ ಅಂದರೆ ಸಾಕು, 2 ಒಮೆಗಾ ಬಂತು. ಹಾಗಿದ್ದರೆ ಈ ತಂಗಿಯ ಪೀಕ್‌ನಲ್ಲಿ ಕ್ವಾಂಟಂ ಎಲ್ಲಿದೆ? ಎರಡನೆಯದು, ಸಿಮ್ಯುಲೇಶನ್ ಬಿಡಿ, ನಿಜವಾದ ಲ್ಯಾಬ್‌ನಲ್ಲಿ ಬೆಳಕು ಅಳೆಯುವ ಫೋಟೋಡಯೋಡೇ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಗೆರೆ) ಹುಟ್ಟಿಸಿದರೆ? ಆಂಪ್ಲಿಫೈಯರ್ ಸ್ವಲ್ಪ ಸ್ಯಾಚುರೇಟ್ ಆದರೂ 2 ಒಮೆಗಾ ತಾನಾಗೇ ಬಂದು ಕೂರುತ್ತದೆ. ಅದು ಬೆಳಕಿನ ಚದುರಿಕೆ ಅಂತ ಹೇಗೆ ಹೇಳೋದು?


ಕಿನ್ನಾಳ_ಗೊಂಬೆ:

ಊರು ಕೊಪ್ಪಳ ಹತ್ತಿರ, ಈಗ ಹೊರಗೆ ಇದೇ ವಿಷಯದ ಲ್ಯಾಬ್‌ನಲ್ಲಿದ್ದೇನೆ. ಈ ಪ್ರಶ್ನೆ ನೋಡಿ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನೇರ ಉತ್ತರ: ಪೀಕ್ ನಿಜವಾದದ್ದು. ಆದರೆ ಅದರ ಅಳತೆ ಇನ್ನೂ ನಂಬಬೇಡಿ. ಯಾಕೆಂದರೆ ಫೋನಾನ್‌ಗೆ 10 ಲೆವೆಲ್ ಸಾಲದು. ಸರಾಸರಿ ಫೋನಾನ್ 2 ಇದ್ದಾಗ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಫೋನಾನ್ ಇರುವ ಸಂಭವ ಮೂರರಲ್ಲಿ ಎರಡರ ಹತ್ತನೇ ಘಾತ, ಅಂದರೆ ಸುಮಾರು 1.7 ಪರ್ಸೆಂಟ್. ಕಡಿಮೆ ಅನ್ನಿಸಬಹುದು. ಆದರೆ 2 ಒಮೆಗಾ ಪೀಕ್ ಫೋನಾನ್ ಸಂಖ್ಯೆಯ ವರ್ಗದ ಮೇಲೆ ನಿಂತಿರುವುದರಿಂದ ಬಾಲದ ತುದಿಯಲ್ಲಿ ಕತ್ತರಿಸಿದ್ದು ಅಲ್ಲೇ ಜಾಸ್ತಿ ಹೊಡೆಯುತ್ತದೆ. 30 ಲೆವೆಲ್ ಹಾಕಿ. ಆಗ ಬಿಟ್ಟುಹೋಗುವುದು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ನಿಮ್ಮ ಗೈಡ್‌ಗೆ ಅನುಮಾನ ಬಂದದ್ದು ತಪ್ಪಲ್ಲ, ಪರೀಕ್ಷೆ ಮಾಡದೆ ಕತ್ತರಿಸು ಅಂದದ್ದು ಮಾತ್ರ ಸರಿಯಲ್ಲ.

ಈಗ ಅದು ಎಲ್ಲಿಂದ ಬರುತ್ತದೆ ಅನ್ನೋದು. ಲೀನಿಯರ್ ಮಾಡುವಾಗ ನೀವೇನು ಮಾಡುತ್ತೀರಿ ನೆನಪು ಮಾಡಿಕೊಳ್ಳಿ. ಒಳಗಿನ ಬೆಳಕನ್ನು ಎರಡು ಭಾಗ ಮಾಡುತ್ತೀರಿ: ಲೇಸರ್ ತುಂಬಿದ ದೊಡ್ಡ ಭಾಗ, ಅದರ ಸುತ್ತ ಸಣ್ಣ ಅಲುಗಾಟ. ದೊಡ್ಡ ಭಾಗ ಕನ್ನಡಿಯಿಂದ ಚದುರಿ ಸಣ್ಣ ಭಾಗವಾಗುವ ಟರ್ಮ್ ಇಟ್ಟುಕೊಳ್ಳುತ್ತೀರಿ. ಅದಕ್ಕೆ ಜಿ ನಾಟ್ ಜೊತೆ ಫೋಟಾನ್ ಸಂಖ್ಯೆಯ ವರ್ಗಮೂಲ ಗುಣಿಸಿಕೊಂಡು ದೊಡ್ಡದಾಗುತ್ತದೆ. ಸಣ್ಣ ಭಾಗ ಮತ್ತೆ ಕನ್ನಡಿಯಿಂದ ಚದುರುವ ಟರ್ಮ್‌ನಲ್ಲಿ ಬರೀ ಜಿ ನಾಟ್ ಇರುತ್ತದೆ, ಚಿಕ್ಕದು ಅಂತ ಬಿಟ್ಟುಬಿಡುತ್ತೀರಿ. ಅಂದರೆ ಲೇಸರ್ ಬೆಳಕು ಒಂದು ಸಲ ಚದುರುವುದನ್ನು ಇಟ್ಟುಕೊಂಡಿರಿ, ಚದುರಿದ ಬೆಳಕು ಕ್ಯಾವಿಟಿಯಿಂದ ಹೊರಗೆ ಹೋಗುವ ಮೊದಲು ಇನ್ನೊಂದು ಸಲ ಚದುರುವುದನ್ನು ಬಿಟ್ಟಿರಿ. ಆ ಬಿಟ್ಟದ್ದೇ ನಿಮ್ಮ 2 ಒಮೆಗಾ. ಒಂದೇ ಫೋಟಾನ್ ಎರಡು ಫೋನಾನ್ ಹೀರಿಕೊಂಡು ಹೊರಗೆ ಬರುತ್ತದೆ, ಇಲ್ಲ ಎರಡು ಫೋನಾನ್ ಕೊಟ್ಟು ಬರುತ್ತದೆ.

ಮೇಷ್ಟ್ರ ಗುಡ್ಡದ ಚಿತ್ರ ನನಗೆ ತುಂಬಾ ಹಿಡಿಸಿತು. ಒಂದೇ ಒಂದು ತಿದ್ದುಪಡಿ. ಅದು ಸರಿಯಾಗಿ ಕೂರುವುದು ಕ್ಯಾವಿಟಿಯಿಂದ ಬೆಳಕು ಬೇಗ ಸೋರಿಹೋಗುವಾಗ, ಅಂದರೆ ಕಪ್ಪಾ ದೊಡ್ಡದಿದ್ದಾಗ. ಇಲ್ಲಿ ಒಮೆಗಾ ಎಂ ಕಪ್ಪಾದ ಐದು ಪಟ್ಟು. ಕನ್ನಡಿ ಆಡುವ ವೇಗಕ್ಕೆ ಒಳಗಿನ ಬೆಳಕು ಕೂಡಲೇ ಹೊಂದಿಕೊಳ್ಳಲಾರದು. ಹಾಗಾಗಿ ಇಲ್ಲಿ ಎರಡು ಸಲ ಚದುರುವ ಚಿತ್ರವೇ ವಾಸಿ.

ಸಿಂಧನೂರಿನವರ ಪ್ರಶ್ನೆಗೆ ಬರುತ್ತೇನೆ. ಕ್ವಾಂಟಂ ಎಲ್ಲಿದೆ ಅಂತ ಕೇಳಿದ್ದೀರಿ, ಇಡೀ ವಿಷಯದ ಜೀವಾಳ ಅದೇ. 2 ಒಮೆಗಾದಲ್ಲಿ ಪೀಕ್ ಇರುವುದರಲ್ಲಿ ಕ್ವಾಂಟಂ ಇಲ್ಲ, ನಿಮ್ಮ ಮಾತು ಸರಿ. ಎರಡು ಕಡೆಯ ಪೀಕ್ ಸಮ ಇಲ್ಲದಿರುವುದರಲ್ಲಿ ಇದೆ. ರಾಮನ್ ಎಫೆಕ್ಟ್ ನೆನಪು ಮಾಡಿಕೊಳ್ಳಿ, 1928ರ ಫೆಬ್ರವರಿ 28. ಅಲ್ಲಿ ಕನ್ನಡಿ ಬದಲು ಅಣು ಅಲುಗುತ್ತದೆ, ಅಷ್ಟೇ ವ್ಯತ್ಯಾಸ. ಅಲ್ಲೂ ಆಂಟಿಸ್ಟೋಕ್ಸ್ ಗೆರೆ ಸ್ಟೋಕ್ಸ್‌ಗಿಂತ ಮಂಕು. ಕಾರಣ ಸರಳ. ಬೆಳಕು ಫೋನಾನ್ ಕೊಡಬೇಕಾದರೆ ಯಾವಾಗಲೂ ಕೊಡಬಹುದು. ತೆಗೆದುಕೊಳ್ಳಬೇಕಾದರೆ ಅಲ್ಲಿ ಫೋನಾನ್ ಇರಬೇಕು. ಸರಾಸರಿ ಎನ್ ಫೋನಾನ್ ಇದ್ದರೆ ಕೊಡುವ ದರ ಎನ್ ಜೊತೆ ಒಂದು, ತೆಗೆದುಕೊಳ್ಳುವ ದರ ಬರೀ ಎನ್. ನಿಮ್ಮಲ್ಲಿ ಎನ್ 2, ಹಾಗಾಗಿ ಮೇಲಿನ ಪೀಕ್ ಕೆಳಗಿನದರ ಮೂರರಲ್ಲಿ ಎರಡು, ಅಂದರೆ 0.67 ಇರಬೇಕು.

ಎರಡು ಫೋನಾನ್ ಚದುರಿಕೆಯಲ್ಲಿ ಏನಾಗುತ್ತದೆ? ತೆಗೆದುಕೊಳ್ಳುವುದು ಎನ್ ವರ್ಗದಂತೆ, ಕೊಡುವುದು ಎನ್ ಜೊತೆ ಒಂದರ ವರ್ಗದಂತೆ. ಎರಡರ ಅನುಪಾತ ಒಂಬತ್ತರಲ್ಲಿ ನಾಲ್ಕು, 0.44. ಮೊದಲ ಅನುಪಾತದ ವರ್ಗವೇ ಅದು! ಕ್ಲಾಸಿಕಲ್ ಆಗಿದ್ದರೆ ಎರಡು ಜಾಗದಲ್ಲೂ 1 ಬರಬೇಕಿತ್ತು. ಲೆಕ್ಕದ ತಪ್ಪಾಗಿದ್ದರೆ ಆ ತಪ್ಪಿಗೆ 0.44 ಅನ್ನುವ ಸಂಖ್ಯೆ ಯಾರು ಹೇಳಿಕೊಟ್ಟರು? ನೀವು ಲೇಸರನ್ನು ರೆಸೊನೆನ್ಸ್ ಮೇಲೇ ಇಟ್ಟದ್ದು ಒಳ್ಳೆಯದಾಯಿತು. ಬೇರೆ ಕಡೆ ಇಟ್ಟಿದ್ದರೆ ಕ್ಯಾವಿಟಿ ಒಂದು ಕಡೆಯ ಪೀಕನ್ನು ತಾನೇ ಎತ್ತಿಬಿಡುತ್ತದೆ, ಈ ಅನುಪಾತ ನೇರವಾಗಿ ಕಾಣುವುದಿಲ್ಲ.

ಇನ್ನೂ ಎರಡು ಪರೀಕ್ಷೆ ಮಾಡಿ. ಜಿ ನಾಟ್ ಅರ್ಧ ಮಾಡಿ, 0.05. ಮೊದಲ ಪೀಕ್ ನಾಲ್ಕರಲ್ಲಿ ಒಂದಾಗಬೇಕು, ಎರಡನೆಯದು ಹದಿನಾರರಲ್ಲಿ ಒಂದು. ಆಮೇಲೆ ಪೀಕ್‌ಗಳ ಅಗಲ ಅಳೆಯಿರಿ. ಎರಡನೆಯದು ಮೊದಲಿನದರ ಎರಡರಷ್ಟು ಅಗಲ ಇರಬೇಕು, ಏಕೆಂದರೆ ಎರಡು ಫೋನಾನ್‌ಗಳಲ್ಲಿ ಯಾವುದು ಕಳೆದುಹೋದರೂ ನೆನಪು ಅಳಿಸುತ್ತದೆ. ಅದಕ್ಕೇ ಎತ್ತರ ಹೋಲಿಸಬೇಡಿ, ಪೀಕ್ ಕೆಳಗಿನ ವಿಸ್ತೀರ್ಣ ಹೋಲಿಸಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ಲ್ಯಾಬ್‌ನಲ್ಲಿ ಡಿಟೆಕ್ಟರ್ ಮೋಸ ಮಾಡುತ್ತಿದೆಯಾ ಅಂತ ತಿಳಿಯಲು ಲೇಸರ್ ಪವರ್ ಬದಲಾಯಿಸಿ ನೋಡುತ್ತೇವೆ. ಚದುರಿಕೆಯಿಂದ ಬಂದದ್ದಾದರೆ ಪವರ್ ಎರಡರಷ್ಟು ಮಾಡಿದಾಗ ಎರಡೂ ಪೀಕ್ ಒಟ್ಟಿಗೇ ಬೆಳೆಯುತ್ತವೆ, ನಡುವಿನ ಅನುಪಾತ ಅಲುಗುವುದಿಲ್ಲ. ಡಿಟೆಕ್ಟರ್ ಹುಟ್ಟಿಸಿದ್ದಾದರೆ 2 ಒಮೆಗಾ ಪೀಕ್ ಮೊದಲಿನದಕ್ಕಿಂತ ಬೇಗ ಬೆಳೆಯುತ್ತದೆ. ಲೇಸರ್ ಕನ್ನಡಿಯನ್ನು ಬಿಸಿ ಮಾಡದಷ್ಟು ಕಡಿಮೆ ಇರಬೇಕು, ಅದೊಂದು ಎಚ್ಚರಿಕೆ.

ನಿಜವಾದ ಸಾಧನಗಳಲ್ಲಿ ಇದು ಯಾಕೆ ಕಷ್ಟ ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಸಿಮ್ಯುಲೇಶನ್‌ನಲ್ಲಿ ಜಿ ನಾಟ್ ಕಪ್ಪಾದ ಅರ್ಧ. ಅದು ಕನಸಿನ ಸಂಖ್ಯೆ! 2011ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಸಿಲಿಕಾನ್‌ನ ಸಣ್ಣ ತೊಲೆಯೊಂದನ್ನು ಬೆಳಕಿನಿಂದಲೇ ತಣ್ಣಗೆ ಮಾಡಿ 0.85 ಫೋನಾನ್‌ವರೆಗೆ ಇಳಿಸಿದರು. ಅದು ಅಲುಗುತ್ತಿದ್ದದ್ದು 3.68 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ಜಿ ನಾಟ್ ಸುಮಾರು 910 ಕಿಲೋಹರ್ಟ್ಸ್, ಕಪ್ಪಾ 500 ಮೆಗಾಹರ್ಟ್ಸ್. ಅಂದರೆ ಐನೂರೈವತ್ತರಲ್ಲಿ ಒಂದು ಪಾಲು. ಅದೇ ವರ್ಷ ರಾಬ್ಲ್ ಅನ್ನುವ ವಿಜ್ಞಾನಿ ಜಿ ನಾಟ್ ಕಪ್ಪಾವನ್ನು ಮೀರಿದರೆ ಒಳಗಿರುವ ಒಂದು ಫೋಟಾನ್ ಇನ್ನೊಂದಕ್ಕೆ ಬಾಗಿಲು ಹಾಕುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಫೋಟಾನ್ ಬ್ಲಾಕೇಡ್ ಅನ್ನುತ್ತಾರೆ.

ಹಾಗಂತ ಜಿ ನಾಟ್ ಚಿಕ್ಕದಿದ್ದರೆ ಕೈಕಟ್ಟಿ ಕೂರಬೇಕಾಗಿಲ್ಲ. 2013ರಲ್ಲಿ ಬೋರ್ಕಿಯೆ ಮತ್ತು ಜೊತೆಗಾರರು ಒಂದು ಚೆಂದದ ದಾರಿ ತೋರಿಸಿದರು. ಗಟ್ಟಿ ಲೇಸರನ್ನು ಕ್ಯಾವಿಟಿಯ ಫ್ರೀಕ್ವೆನ್ಸಿಗಿಂತ ಸರಿಯಾಗಿ 2 ಒಮೆಗಾ ಎಂ ಕೆಳಗೆ ಇಡಿ. ಆಗ ಎರಡು ಫೋನಾನ್ ಹೀರಿದ ಬೆಳಕು ನೇರವಾಗಿ ಕ್ಯಾವಿಟಿಯ ರೆಸೊನೆನ್ಸ್ ಮೇಲೇ ಬಂದು ಬೀಳುತ್ತದೆ. ಜಿ ನಾಟ್ ಕಪ್ಪಾಕ್ಕಿಂತ ಚಿಕ್ಕದಿದ್ದರೂ ನಾನ್‌ಲೀನಿಯರ್ ಗುರುತು ಎದ್ದು ಕಾಣುತ್ತದೆ, ಅದರಿಂದ ಸರಾಸರಿ ಫೋನಾನ್ ಎಷ್ಟು ಅಂತಲೂ ಅಳೆಯಬಹುದು. ಇನ್ನೊಂದು ಕಡೆಯಿಂದ, 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಜಿ ನಾಟ್ ತುಂಬಾ ದೊಡ್ಡದಿರುವ ನ್ಯಾನೋ ತೊಲೆ ಮಾಡಿದರು. ಅದರ ಬರೀ ಬಿಸಿಯ ನಡುಕವೇ ಕ್ಯಾವಿಟಿಯ ಶ್ರುತಿಯನ್ನು ಅದರ ಗೆರೆಯ ಅಗಲದಷ್ಟು ಆಚೀಚೆ ಎಳೆದಾಡುತ್ತಿತ್ತು. ಯಾರೂ ಅಲುಗಿಸದೆ, ಸುಮ್ನೆ ಕೂತಿರುವ ತೊಲೆ! ಅಲ್ಲಿ ನಾನ್‌ಲೀನಿಯರ್ ಟರ್ಮ್ ಬಿಟ್ಟರೆ ಅಳತೆಯೇ ತಪ್ಪಾಗುತ್ತದೆ.


ಬಳ್ಳಾರಿ_ಬಿಸಿಲು:

ಏನು ಹೇಳಲಿ, ಎಲ್ಲರಿಗೂ ಕೈಮುಗಿಯುತ್ತೇನೆ. ಮೂರು ರಾತ್ರಿ ಕೂತು ಎಲ್ಲ ಮಾಡಿದೆ.

ಫೋನಾನ್ 30 ಲೆವೆಲ್ ಮಾಡಿದಾಗ ರನ್ ತುಂಬಾ ನಿಧಾನ ಆಯ್ತು. ನಡುವೆ ಒಂದು ಸಲ ಕರೆಂಟ್ ಹೋಗಿ ಬ್ಯಾಟರಿ ಮುಗಿದು ಮತ್ತೆ ಮೊದಲಿಂದ ಶುರು ಮಾಡಿದೆ. ಪೀಕ್ ಹೋಗಲಿಲ್ಲ, ಇನ್ನೂ ಸ್ವಲ್ಪ ದೊಡ್ಡದಾಯಿತು. ಜಿ ನಾಟ್ ಅರ್ಧ ಮಾಡಿದಾಗ ಮೊದಲನೆಯದು ನಾಲ್ಕು ಪಟ್ಟು ಇಳಿಯಿತು, ಎರಡನೆಯದು ಹದಿನೈದು ಹದಿನಾರು ಪಟ್ಟು. ಅಗಲ ಎರಡರಷ್ಟಕ್ಕೆ ತುಂಬಾ ಹತ್ತಿರ.

ಆಮೇಲೆ ಎರಡು ಕಡೆಯ ವಿಸ್ತೀರ್ಣ. ಮೊದಲ ಜೋಡಿ 0.66. ಎರಡನೆಯದು ಬರುವಾಗ ರಾತ್ರಿ ಎರಡೂವರೆ. ಸ್ಕ್ರೀನ್ ಮೇಲೆ 0.45 ಬಂತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ, ಅವಳು ಕಣ್ಣುಜ್ಜಿಕೊಂಡು ನೋಡಿ ಸರಿ ಬಂತಾ ಅಂದಳು. ಬಂತು ಅಂದೆ.

ಆಮೇಲೆ ಎನ್ ಸೊನ್ನೆ ಇಟ್ಟೂ ನೋಡಿದೆ. ಮೇಲಿನ ಎರಡೂ ಪೀಕ್ ಮಾಯ. ಕೆಳಗಿನ ಎರಡು ಮಾತ್ರ ಉಳಿದವು. ತೆಗೆದುಕೊಳ್ಳೋಕೆ ಏನೂ ಇಲ್ಲ, ಕೊಡೋಕೆ ಮಾತ್ರ ಆಗುತ್ತದೆ ಅನ್ನುವುದನ್ನು ಓದಿದ್ದೆ, ಗ್ರಾಫಿನಲ್ಲಿ ಅರ್ಧ ಖಾಲಿಯಾಗಿ ಕಂಡಾಗಲೇ ಒಳಗೆ ಇಳಿದದ್ದು.


ರಾಯಚೂರು_ಮೇಷ್ಟ್ರು:

ಭೇಷ್ ತಂಗಿ! ಆ ಎನ್ ಸೊನ್ನೆಯ ಗ್ರಾಫನ್ನು ಮೊದಲ ಪುಟದಲ್ಲೇ ಹಾಕು. ನಮ್ಮ ಮಕ್ಕಳಿಗೂ ತೋರಿಸುತ್ತೇನೆ, ಕಳಿಸಿಕೊಡು.


ಕಿನ್ನಾಳ_ಗೊಂಬೆ:

0.45 ಮತ್ತು 0.44 ನಡುವಿನ ವ್ಯತ್ಯಾಸಕ್ಕೆ ಹೆದರಬೇಡಿ. ಜಿ ನಾಟ್ 0.1 ಇದ್ದಾಗ ಮುಂದಿನ ಹಂತದ ಟರ್ಮ್‌ಗಳು ಸ್ವಲ್ಪ ಕೈಯಾಡಿಸುತ್ತವೆ, ಪೀಕ್‌ನ ಬುಡ ಎಲ್ಲಿಗೆ ಕತ್ತರಿಸಿದಿರಿ ಅನ್ನುವುದರಿಂದಲೂ ಅಷ್ಟು ಬದಲಾಗುತ್ತದೆ. ಗೈಡ್ ಹತ್ತಿರ ಹೋಗುವಾಗ ವಾದಕ್ಕೆ ಹೋಗಬೇಡಿ. 10, 20, 30 ಲೆವೆಲ್‌ನ ಮೂರು ಗ್ರಾಫ್ ಒಂದರ ಮೇಲೊಂದು ಹಾಕಿ ಮೇಜಿನ ಮೇಲಿಡಿ. 20 ಮತ್ತು 30 ಒಂದರ ಮೇಲೊಂದು ಕೂತುಬಿಟ್ಟಿರುತ್ತವೆ. ಅವರಿಗೂ ಅದೇ ಬೇಕಿರುವುದು.

ಸಮಯ ಇದ್ದರೆ ಲೇಸರನ್ನು 2 ಒಮೆಗಾ ಎಂ ಕೆಳಗೆ ಇಟ್ಟು ಒಂದು ಸಲ ಓಡಿಸಿ. ಆಗ 0.44 ಬರುವುದಿಲ್ಲ, ಮೇಲಿನ ಎರಡನೇ ಪೀಕ್ ಕ್ಯಾವಿಟಿಯ ಮೇಲೆ ಬಿದ್ದು ಜಿಗಿಯುತ್ತದೆ. ಎಷ್ಟು ಜಿಗಿಯಿತು ಅಂತ ಇಲ್ಲೇ ಬರೆಯಿರಿ.


ಬಳ್ಳಾರಿ_ಬಿಸಿಲು:

ಗೈಡ್ ಮೂರು ಗ್ರಾಫ್ ಇಟ್ಟುಕೊಂಡು ಹತ್ತು ನಿಮಿಷ ನೋಡಿದರು. ಕತ್ತರಿಸಬೇಡ, ಇದಕ್ಕೇ ಒಂದು ಅಧ್ಯಾಯ ಬರಿ ಅಂದರು. ಲೇಸರ್ ಕೆಳಗೆ ಇಳಿಸಿದ ರನ್ ಈಗ ಶುರು ಮಾಡಿದ್ದೇನೆ, ಕಡಪ ಕಲ್ಲು ಇನ್ನೂ ತಣ್ಣಗಿದೆ. ಕರೆಂಟ್ ಇದ್ದರೆ ಬೆಳಿಗ್ಗೆ ಗ್ರಾಫ್ ಹಾಕುತ್ತೇನೆ.